ಸುಂಕದ ಮನೆಯ ಕಮಾನುಗಳು

ಮೇಸ್ತ್ರಿಗೆ ಕಾಯುವುದು ಬರುತ್ತಿರಲಿಲ್ಲ. ಕೆಲಸ ಬರುತ್ತಿತ್ತು, ಮಾತು ಬರುತ್ತಿತ್ತು, ಕೋಪವಂತೂ ಕರೆಯದೆಯೇ ಬರುತ್ತಿತ್ತು. ಕೂತಲ್ಲಿ ಕೂರದ ಅವನನ್ನು ಕೂಲಿಯವರು ಪಾದರಸ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಸಿಮೆಂಟಿನಲ್ಲಿ ಕೈಯಾಡಿಸಿದವನು. ಸಿಮೆಂಟು ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು: ಇವತ್ತು ಹಾಕು, ಎರಡು ಮೂರು ವಾರಕ್ಕೆ ಆಸರೆ ಬಿಚ್ಚು, ಮುಂದಿನ ಮನೆಗೆ ನಡೆ.

ಹಳೆಯ ಸುಂಕದ ಮನೆ ಅಂಥದ್ದಲ್ಲ. ನೂರಾನಲವತ್ತು ವರ್ಷದ ಸುಣ್ಣದ ಕಟ್ಟಡ; ಬೀದಿಗೆ ಮುಖ ಮಾಡಿದ ಮೊಗಸಾಲೆಗೆ ಎಂಟು ಕಮಾನು. ಅದನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಲು ನಗರಸಭೆ ಹೊರಟಿತ್ತು. ಅಡ್ಡ ನಿಂತವಳು ಮೇಸ್ತ್ರಿಯ ಅಕ್ಕ. ಅವಳೂ ಅವಳ ಜೊತೆಯ ಹದಿನಾಲ್ಕು ಹೆಂಗಸರೂ ಆಸ್ಪತ್ರೆಗಳಿಗೆ ಹೊದಿಕೆ, ದಿಂಬಿನ ಚೀಲ ಹೊಲಿಯುತ್ತಿದ್ದರು. ಇದ್ದ ಶೆಡ್ಡಿನಲ್ಲಿ ಮೊಣಕೈಗೆ ಮೊಣಕೈ ತಾಗುತ್ತಿತ್ತು. "ಖಾಲಿ ಬಿದ್ದಿದೆ ಅಂತ ತಾನೇ ಕೆಡವೋದು? ನಮಗೆ ಕೊಡಿ, ನಾವು ಹೊಲೀತೀವಿ" ಎಂದು ಆರು ತಿಂಗಳು ಕಚೇರಿಯ ಮೆಟ್ಟಿಲು ಸವೆಸಿದಳು. ಕೊನೆಗೆ ಪತ್ರ ಬಂತು. ಸೋಮವಾರ ಹನ್ನೊಂದಕ್ಕೆ ಸಾಹೇಬರು ಬರುತ್ತಾರೆ. ಕಟ್ಟಡ ಬಳಕೆಯಲ್ಲಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಮಂಗಳವಾರ ಬುಲ್ಡೋಜರ್.

ಬಿದ್ದುಹೋಗಿದ್ದ ಕೊನೆಯ ಎರಡು ಕಮಾನುಗಳನ್ನು ಮೇಸ್ತ್ರಿ ಮತ್ತೆ ಕಟ್ಟಿದ್ದ. ಮೇಲೆ ಚಾವಣಿ ಇನ್ನೂ ಹಾಕಿರಲಿಲ್ಲ. ಗಾರೆ ಕಲಸಿಕೊಟ್ಟವನು ಸುಣ್ಣದಜ್ಜ. ಸುಣ್ಣ ಅರಳಿಸಿ ಹದ ಮಾಡಬಲ್ಲವನು ಊರಿನಲ್ಲಿ ಅವನೊಬ್ಬನೇ ಉಳಿದಿದ್ದ.

"ನಲವತ್ತು ದಿನ ಆಸರೆ ಮುಟ್ಟಬೇಡ" ಎಂದಿದ್ದ ಅಜ್ಜ.

ಸೋಮವಾರಕ್ಕೆ ಇಪ್ಪತ್ತಾರು ದಿನವಾಗಿತ್ತು.

ಬೆಳಗ್ಗೆ ಎಂಟಕ್ಕೇ ಬಂದ ಮೇಸ್ತ್ರಿ ಮೊಗಸಾಲೆಯ ಉದ್ದಕ್ಕೂ ಶತಪಥ ಹಾಕಿದ. ಒಳಗೆ, ಶೆಡ್ಡಿನಿಂದ ತಂದಿಟ್ಟ ಹೊಲಿಗೆ ಯಂತ್ರಗಳು ಶುರುವಾಗಿದ್ದವು. ಆ ಸದ್ದು ಅವನ ತಲೆ ತಿನ್ನತೊಡಗಿತು. ಕಮಾನಿನಡಿಯ ಮರದ ಕಂಬಗಳನ್ನು ನೋಡಿದಷ್ಟೂ ಕಟ್ಟಡ ಊರುಗೋಲು ಹಿಡಿದ ರೋಗಿಯಂತೆ ಕಂಡಿತು.

"ಅಕ್ಕಾ, ಈ ಕಂಬ ನೋಡಿದ್ರೆ ಸಾಹೇಬರು ಕಟ್ಟಡ ಬೀಳೋ ಹಾಗಿದೆ ಅಂತ ಬರೀತಾರೆ."

"ಪತ್ರದಲ್ಲಿ ಕಂಬದ ಮಾತೇ ಇಲ್ವಲ್ಲೋ. ಒಂದ್ಕಡೆ ಕೂತ್ಕೋ. ನಿನ್ನ ನೋಡಿ ನನ್ನ ಸೂಜಿನೂ ನಡುಗ್ತಿದೆ."

"ಕೂತ್ರೆ ಕೆಲಸ ಆಗತ್ತಾ?"

"ಹುಟ್ಟೋವಾಗ್ಲೂ ಇವನು ಹೀಗೇ ಕಣ್ರೇ. ಅಮ್ಮನಿಗೆ ಆಸ್ಪತ್ರೆ ಮೆಟ್ಟಿಲು ಹತ್ತೋಕೂ ಬಿಡ್ಲಿಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಮೇಸ್ತ್ರಿ ಹೊರಗೆ ಬಂದ. ಅಜ್ಜ ಕಮಾನಿಗೆ ಹೊದಿಸಿದ ಗೋಣಿತಾಟಿಗೆ ನೀರು ಚಿಮುಕಿಸುತ್ತಿದ್ದ. ಮೇಸ್ತ್ರಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ.

"ಕಲ್ಲಾಗಿದೆ ನೋಡಿ ಅಜ್ಜ."

"ಹೊರಗೆ ಕಲ್ಲು. ಒಳಗೆ ಇನ್ನೂ ಮೊಸರು."

"ನನ್ನನ್ನ ಹೆದರಿಸೋದರಲ್ಲೇ ಮುದುಕರಾದ್ರಿ ನೀವು."

"ನೀನು ಹೆದರಿದ್ದು ಯಾವಾಗ ಮಾರಾಯ?" ಎಂದು ಅಜ್ಜ ಬಕೆಟ್ ತುಂಬಲು ಹಿತ್ತಲಿನ ನಲ್ಲಿಗೆ ಹೋದ.

ಹತ್ತೂವರೆ. ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ. ಸಿಮೆಂಟಿಗೆ ಇಪ್ಪತ್ತಾರು ದಿನ ಧಾರಾಳವಾಯಿತು; ಅವನ ಕೈಗೆ ಗೊತ್ತಿದ್ದುದು ಆ ಲೆಕ್ಕವೊಂದೇ. ಎಂಟನೆಯ ಕಮಾನಿನ ಬೆಣೆ ಹೊಡೆದು ಕಂಬ ಎಳೆದ. ಕಮಾನು ನಿಂತಿತು. ಏಳನೆಯದರದ್ದೂ ಎಳೆದ. ಅದೂ ನಿಂತಿತು. ಕಂಬಗಳನ್ನು ಗೋಡೆಯ ಪಕ್ಕಕ್ಕೆ ಜೋಡಿಸುವಷ್ಟರಲ್ಲಿ ಅಜ್ಜ ಬಕೆಟ್ ಬಿಟ್ಟು ಓಡಿಬರುತ್ತಿದ್ದ. ಏಳನೆಯ ಕಮಾನಿನ ನಡುವಿನ ಕಲ್ಲು ಬೆರಳಷ್ಟು ಕೆಳಗಿಳಿದಿತ್ತು.

"ಕಂಬ ತಾರೋ! ಕಂಬ!"

ಮೇಸ್ತ್ರಿ ತಿರುಗುವ ಮೊದಲೇ ಅಜ್ಜ ಒಂದು ಕಂಬವನ್ನು ಎತ್ತಿ ಕಲ್ಲಿಗೆ ಆಸರೆ ಕೊಡಲು ನೋಡಿದ. ಮೇಸ್ತ್ರಿ ಅವನ ಸೊಂಟ ಹಿಡಿದು ಹಿಂದಕ್ಕೆಳೆದ. ಮೈ ಬಂತು, ಕೈ ಕಂಬದ ಮೇಲೇ ಉಳಿದಿತ್ತು. ಏಳನೆಯದು ಕುಸಿಯಿತು. ಒಂದಕ್ಕೊಂದು ಕೊಟ್ಟಿದ್ದ ಒತ್ತು ತಪ್ಪಿ ಅತ್ತ ಎಂಟನೆಯದೂ ಇತ್ತ ಆರನೆಯ ಹಳೆಯ ಕಮಾನೂ ಅದರ ಬೆನ್ನಿಗೇ ಹೋದವು.

ಧೂಳು ಒಳಗೆ ನುಗ್ಗಿತು. ಅಕ್ಕ ಓಡಿಬಂದು ತಮ್ಮನನ್ನು ನೋಡಿದಳು, ಅಜ್ಜನ ಕೈ ನೋಡಿದಳು. ಹೊಸ ಹೊದಿಕೆಯೊಂದನ್ನು ಹರಿದು ಕೈಗೆ ಸುತ್ತಿ, ಎದುರಂಗಡಿಯವನ ಕಾರಿನಲ್ಲಿ ಅಜ್ಜನನ್ನು ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು:

"ಯಾರೂ ಏಳಬೇಡಿ. ಹೊಲೀರಿ!"

"ಅಕ್ಕಾ, ಬಟ್ಟೆಯೆಲ್ಲಾ ಧೂಳು..."

"ಬಟ್ಟೆ ಒಗೆಯೋಣ. ಕಾಲು ನಿಲ್ಲಿಸಬೇಡ."

ಸಾಹೇಬರು ಹನ್ನೊಂದೂ ಹತ್ತಕ್ಕೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಕಲ್ಲಿನ ರಾಶಿ ಬಳಸಿ ಒಳಗೆ ಹೋದರು, ಓಡುತ್ತಿದ್ದ ಯಂತ್ರಗಳನ್ನು ಎಣಿಸಿದರು, ಹೊರಗೆ ಬಂದರು.

"ಇದು ಹೇಗೆ ಬಿತ್ತು?"

"ನಾನೇ ಆಸರೆ ತೆಗೆದೆ ಸಾರ್" ಎಂದ ಮೇಸ್ತ್ರಿ. "ನೀವು ನೋಡ್ತೀರಿ ಅಂತ."

"ನನಗ್ಯಾಕ್ರೀ ನಿಮ್ಮ ಆಸರೆ? ಬಳಕೆ ಇದೆಯೋ ಇಲ್ವೋ, ಅಷ್ಟು ಬರ್ಕೊಂಡು ಬಾ ಅಂದಿದ್ದಾರೆ. ಇದೆ. ಈ ಕಡೆ ಹಗ್ಗ ಕಟ್ಟಿ, ಹಿಂದಿನ ಬಾಗಿಲಿಂದ ಓಡಾಡಿ."

ಅವರು ಸಹಿ ಹಾಕಿ ಹೊರಟರು. ಮೇಸ್ತ್ರಿ ಬಗ್ಗಿ ಕಲ್ಲು ಆರಿಸತೊಡಗಿದ.

"ಅದು ಆಮೇಲೆ" ಎಂದಳು ಅಕ್ಕ, ಅವನ ಮುಖ ನೋಡದೆ. "ಆಸ್ಪತ್ರೆಗೆ ನಡಿ ಮೊದಲು."

ಸುಂಕದ ಮನೆ ಉಳಿಯಿತು. ಹೋದದ್ದು ಎಂಟರಲ್ಲಿ ಮೂರು ಕಮಾನು, ಸುಣ್ಣದಜ್ಜನ ಬಲಗೈಯಲ್ಲಿ ಎರಡು ಬೆರಳು.