ಸಾವು ಇಪ್ಪತ್ತು, ಆಮೇಲೆ ಕಾಫಿ

"ರೋಗಕ್ಕೂ ಭಾನುವಾರ ರಜೆನಾ, ತಂಗಿ?"

ಪರದೆಯ ಬಲಬದಿಯ ಚರ್ಚೆಯಲ್ಲಿ ಹೀಗೆ ಕೇಳಿದವರು 'ಭೂತಗನ್ನಡಿ' ಎಂಬ ಅಡ್ಡಹೆಸರಿನವರು. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದ ಹಿರಿಯರು ಎಂಬುದಷ್ಟೇ ಸಂಶೋಧಕಿಗೆ ಗೊತ್ತು, ಮುಖ ನೋಡಿದ್ದಿಲ್ಲ.

ನೂರು ವರ್ಷದ ಹಿಂದಿನ ಗಡಿಯಾರ ರಿಪೇರಿಯವನೊಬ್ಬನ ದಿನಚರಿಯನ್ನು ಅವಳು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿದ್ದಳು. ಅವನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರವನ್ನು ಊರೂರಿನ ನಲವತ್ತು ಜನ ಮನೆಯಲ್ಲೇ ಕೂತು ಓದಿ ಟೈಪ್ ಮಾಡುತ್ತಿದ್ದರು. ಸಂದೇಹ ಬಂದಲ್ಲಿ ಪಕ್ಕದಲ್ಲೇ ವಾದ. 'ಅಂತಿಮ' ಎಂಬ ಗುಂಡಿ ಮಾತ್ರ ಅವಳೊಬ್ಬಳಿಗೇ ಇತ್ತು.

'ಸಾವು ಇಪ್ಪತ್ತು' ಎಂದು ಮೊದಲು ಓದಿದವಳೂ ಅವಳೇ. ಭಾನುವಾರ ಬಿಟ್ಟು ಮಿಕ್ಕ ದಿನಗಳಲ್ಲಿ ಇದೇ ಬಗೆಯ ಲೆಕ್ಕ. ಅದರ ಮೇಲೆ ಒಂದು ಸಾಂಕ್ರಾಮಿಕ ರೋಗವನ್ನೇ ಕಟ್ಟಿ, ನಕ್ಷೆ ಬರೆದು, ಪ್ರಬಂಧದ ನಾಲ್ಕನೆಯ ಅಧ್ಯಾಯ ಮುಗಿಸಿದ್ದಳು. ಸೋಮವಾರ ಒಪ್ಪಿಸಬೇಕು.

"ದಾಖಲೆಯಲ್ಲಿ ಇರೋದೇ ಹಾಗೆ, ಸರ್," ಎಂದು ಬರೆದಳು.

"ಇರಬಹುದಮ್ಮ. ಆದ್ರೆ ಹತ್ತು, ಇಪ್ಪತ್ತು, ಮೂವತ್ತು ಅಂತ ಜನ ಲೆಕ್ಕ ಇಟ್ಟು ಸಾಯ್ತಾರಾ? 'ಸಾವು ಇಪ್ಪತ್ತು, ಆಮೇಲೆ ಕಾಫಿ' ಅಂತಾನಲ್ಲ, ಎಂಥಾ ಗಟ್ಟಿ ಗುಂಡಿಗೆ! ನಲವತ್ತೊಂದನೇ ಪುಟ ನೋಡಿ."

ಅವಳ ಬೆರಳು 'ಅಂತಿಮ'ದ ಮೇಲೆ ನಿಂತಿತು. ಒತ್ತಿದರೆ ಚರ್ಚೆ ಮುಗಿಯಿತು, ಅಧ್ಯಾಯ ಉಳಿಯಿತು. ಒತ್ತದೆ ಪುಟ ತೆರೆದಳು.

'ಸಾವು ಇಲ್ಲ. ಸೊಂಟ ಹಿಡಿದಿದೆ.'

ಅಕ್ಷರವನ್ನು ಎಂಟು ಪಟ್ಟು ಹಿಗ್ಗಿಸಿದಳು. 'ವು' ಅಂದುಕೊಂಡಿದ್ದರ ತುದಿಯಲ್ಲಿ ಮಸಿ ಮಾಸಿದ ಇನ್ನೊಂದು ಕೊಂಡಿಯಿತ್ತು. ವು ಅಲ್ಲ, ಮು. ಸಾಮು. ಬೆಳಗಿನ ಬಸ್ಕಿ!

ಅಳು ಬರುತ್ತದೆ ಅಂದುಕೊಂಡಳು. ಬಂದದ್ದು ನಗು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿಬಂದಳು.

"ಏನಾಯ್ತೇ?"

"ಅಮ್ಮಾ, ಯಾರೂ ಸತ್ತಿಲ್ಲ!"

"ಬಿಡ್ತು ಅನ್ನು! ಯಾರು ಸಾಯಬೇಕಿತ್ತು?"

"ಆರುನೂರ ಎಂಬತ್ತು ಜನ."

ಕೂತು ಒಂದೊಂದೇ ತಿದ್ದತೊಡಗಿದಳು. 'ವು' ಅಳಿಸಿ 'ಮು' ಹಾಕಿದ ಪ್ರತಿ ಸಲವೂ ಇಪ್ಪತ್ತೋ ಮೂವತ್ತೋ ಜನ ಎದ್ದು ಕೂತರು. ಮುಗಿದ ಮೇಲೆ ಮಾರ್ಗದರ್ಶಕರಿಗೆ ಬರೆದಳು: 'ಮೇಡಂ, ಸೋಮವಾರಕ್ಕೆ ಅಧ್ಯಾಯ ಆಗೋದಿಲ್ಲ. ರೋಗ ವಾಸಿಯಾಯಿತು.'

"ಬೇಜಾರಾಯ್ತಾ, ತಂಗಿ?" ಭೂತಗನ್ನಡಿ ಕೇಳಿದ್ದರು.

"ಇಲ್ಲ ಸರ್. ಸ್ವಲ್ಪ ಇರಿ, ಒಂದು ಪರೀಕ್ಷೆ ಮಾಡಿ ಬರ್ತೀನಿ."

ಕುರ್ಚಿ ಸರಿಸಿ, ಮೇಜಿನ ಅಂಚು ಹಿಡಿದು ಬಸ್ಕಿ ಶುರುಮಾಡಿದಳು. ಬಾಗಿಲಲ್ಲಿ ನಿಂತ ಅಮ್ಮ ಸೌಟು ಆಡಿಸುತ್ತ ಎಣಿಸಿದಳು.

"ಏಳು... ಎಂಟು..."

ಒಂಬತ್ತಕ್ಕೆ ಕೂತವಳು ಏಳಲಿಲ್ಲ. ಸೊಂಟದ ಮೇಲೆ ಒಂದು ಕೈ ಇಟ್ಟು, ಇನ್ನೊಂದನ್ನು ಕೀಲಿಮಣೆಯತ್ತ ಚಾಚಿದಳು.