ತಳ ಹಿಡಿದ ವಾಸನೆ

ಅಕ್ಕನ ರಾಜೀನಾಮೆ ಪತ್ರವನ್ನು ನಾನು ಓದಿದ್ದು ಶುಕ್ರವಾರ ಸಂಜೆ, ಅವಳ ಕೈಚೀಲದ ಕೆಟ್ಟ ಜಿಪ್ ಬದಲಿಸುವಾಗ. ಕದ್ದು ಓದಿದ್ದಲ್ಲ. ಚೀಲ ಖಾಲಿ ಮಾಡದೆ ಜಿಪ್ ಕೂರಿಸಲು ಯಾವ ದರ್ಜಿಗೂ ಆಗುವುದಿಲ್ಲ, ಮಡಿಸದ ಕಾಗದ ಕಣ್ಣೆದುರು ಬಿದ್ದರೆ ಯಾವ ತಂಗಿಯೂ ಓದದೆ ಬಿಡುವುದಿಲ್ಲ. ಇದ್ದದ್ದು ನಾಲ್ಕೇ ಸಾಲು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ಅಡುಗೆ ಮಾಡಿದವಳು ಆರೋಗ್ಯದ ಕಾರಣದಿಂದ ಸೋಮವಾರ ಕೆಲಸ ಬಿಡುತ್ತಿದ್ದಾಳಂತೆ.

ಆ ಆರೋಗ್ಯದ ಕಾರಣ ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅವಳಿಗೊಂದು ಜ್ವರ ಬಂದಿತ್ತು. ಹೋಗುವಾಗ ಅದು ವಾಸನೆಯನ್ನೂ ಜೊತೆಗೆ ಕೊಂಡುಹೋಯಿತು. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತಿದ್ದವು. ಉಳಿದದ್ದೆಲ್ಲ ಮೂಗಿನ ಕೆಲಸವೆಂಬುದು ಮೂಗು ಕೈಕೊಟ್ಟ ಮೇಲೆ ನಮಗೆ ತಿಳಿಯಿತು. ಹಸಿ ಈರುಳ್ಳಿಗೂ ಸೇಬಿಗೂ ವ್ಯತ್ಯಾಸವೇ ಇಲ್ಲ ಎಂದು ಅವಳು ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು, ಪರಿಚಯದ ವಾಸನೆಗಳನ್ನು ಮೂಸುತ್ತಾ ಇರಿ" ಎಂದು ಕಳಿಸಿದ್ದರು.

ಆದರೂ ಅಕ್ಕ ಅಳತೆಯ ಚಮಚ, ಗಡಿಯಾರ ಮತ್ತು ನೆನಪಿನ ಬಲದಿಂದ ಎರಡು ತಿಂಗಳು ದೂಡಿದ್ದಳು. ಆ ವಾರದ ಮಂಗಳವಾರ ದೊಡ್ಡ ಪಾತ್ರೆಯ ಬೇಳೆ ತಳ ಹಿಡಿಯಿತು. ಅವಳು ಅಲ್ಲೇ ಮಾರು ದೂರದಲ್ಲಿ ಕ್ಯಾರೆಟ್ ಹೆಚ್ಚುತ್ತಾ ನಿಂತಿದ್ದಳು. ಗೇಟಿನಲ್ಲಿದ್ದ ಕಾವಲುಗಾರ ವಾಸನೆ ಹಿಡಿದು ಓಡಿಬಂದ ಮೇಲೆಯೇ ಅವಳಿಗೆ ತಿಳಿದದ್ದು. ಮುನ್ನೂರು ಜನರ ಊಟ ಹೋಯಿತು. ಯಾರೂ ಅವಳನ್ನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

"ಓದಿದ್ಯಾ?" ಎಂದಳು ಅಕ್ಕ, ಒಳಕೋಣೆಯ ಬಾಗಿಲಲ್ಲಿ ನಿಂತು.

"ಓದಿದೆ. ಅಕ್ಷರ ಚೆನ್ನಾಗಿದೆ. ವಿಷಯ ಚೆನ್ನಾಗಿಲ್ಲ."

"ನೀನು ಅಡ್ಡ ಬರಬೇಡ. ರುಚಿ ಹೆಚ್ಚುಕಮ್ಮಿ ಆದ್ರೆ ಯಾರಾದ್ರೂ ನೋಡಿ ಹೇಳ್ತಾರೆ. ಸುಟ್ಟಿದ್ದೇ ಗೊತ್ತಾಗದವಳು ಒಲೆ ಮುಂದೆ ನಿಲ್ಲಬಾರದು ಕಣೇ. ಮೊನ್ನೆ ಬೇಳೆ. ನಾಳೆ ಒಲೆ ಪಕ್ಕದ ಬಟ್ಟೆಗೆ ಬೆಂಕಿ ಹತ್ತಿದ್ರೂ ನಂಗೆ ಗೊತ್ತಾಗಲ್ಲ."

ವಾದದಲ್ಲಿ ಸೋತಾಗ ಹಠ ಹಿಡಿಯುವುದು ನನ್ನ ಹುಟ್ಟುಗುಣ. "ಸೋಮವಾರಕ್ಕೆ ಇನ್ನೂ ಎರಡು ದಿನ ಇದೆ" ಎಂದೆ. "ನಾಳೆ, ನಾಡಿದ್ದು ಗೋದಾಮಿನ ಬೀದಿಯಲ್ಲಿ ಅಗ್ಗದ ಮಾರಾಟ. ನನ್ನ ಜೊತೆ ಬಾ. ಆ ದಾರಿಯಲ್ಲೇ ನಿನಗಿಷ್ಟವಾದದ್ದೆಲ್ಲ ಸಿಗುತ್ತೆ. ಒಂದೊಂದಾಗಿ ತಿನ್ನಿಸ್ತೀನಿ. ಯಾವುದಕ್ಕೂ ನಿನ್ನ ಮೂಗು ಎಚ್ಚರ ಆಗದಿದ್ರೆ ಈ ಕಾಗದ ಕೊಡೋಕೆ ನಾನೇ ನಿನ್ನನ್ನ ಗೇಟಿನ ತನಕ ಬಿಟ್ಟು ಬರ್ತೀನಿ."

ಅಕ್ಕ ಒಪ್ಪಿದ್ದು ನನ್ನ ಮಾತಿಗಲ್ಲ, ತಿಂಡಿಯ ಆಸೆಗೆ. ಅದು ನನಗೂ ಗೊತ್ತು.

ವರ್ಷಕ್ಕೊಮ್ಮೆ ಎರಡು ದಿನ ಗೋದಾಮಿನವರು ಉಳಿದ ಮಾಲನ್ನೆಲ್ಲ ಬೀದಿಗೆ ಸುರಿಯುತ್ತಾರೆ. ನಾನು ಒಂದು ವರ್ಷಕ್ಕೆ ಬೇಕಾದ ಗುಂಡಿ, ಜಿಪ್, ಒಳಪದರದ ಬಟ್ಟೆ, ದಾರವನ್ನೆಲ್ಲ ಅಲ್ಲಿಯೇ ಹೊಂಚುವುದು. ಹೇಳಿದ ಬೆಲೆಗೆ ನಾನು ಈವರೆಗೆ ಏನನ್ನೂ ಕೊಂಡವಳಲ್ಲ. ಅಂಗಡಿಯವರು ನನ್ನನ್ನು ಕಂಡರೆ ಮೊದಲೇ ಬೆಲೆ ಏರಿಸಿ ಕೂರುತ್ತಾರೆ, ನಾನು ಅದನ್ನೂ ಲೆಕ್ಕಕ್ಕಿಟ್ಟುಕೊಂಡೇ ಇಳಿಸುತ್ತೇನೆ. ಎರಡೂ ಕಡೆಯವರಿಗೆ ಇದರಲ್ಲಿ ಒಂದು ಸುಖವಿದೆ.

ಶನಿವಾರ ಬೆಳಗ್ಗೆ ಮೊದಲು ಹೋದದ್ದು ಬೀದಿಯ ತುದಿಯ ಬೇಕರಿಗೆ. ಒಲೆಯಿಂದ ಬನ್ನಿನ ತಟ್ಟೆ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಅಕ್ಕನನ್ನು ಮುಂದೆ ನೂಕಿದೆ. ಚಿಕ್ಕವರಿದ್ದಾಗ ಈ ವಾಸನೆಗೆಂದೇ ನಾವಿಬ್ಬರೂ ಶಾಲೆಗೆ ಸುತ್ತು ದಾರಿ ಹಿಡಿಯುತ್ತಿದ್ದೆವು. ಅವಳು ಬನ್ನನ್ನು ಎರಡಾಗಿ ಮುರಿದು, ಹೊರಟ ಆವಿಯಲ್ಲಿ ಮುಖವಿಟ್ಟು, ಕಣ್ಣು ಮುಚ್ಚಿ ಉಸಿರೆಳೆದಳು. ನಾನೂ ಉಸಿರು ಬಿಗಿ ಹಿಡಿದೆ.

"ಬಿಸಿ ಇದೆ" ಎಂದಳು.

"ಬಿಸಿ ಇರೋದು ನನ್ನ ಕೈಗೂ ಗೊತ್ತು. ವಾಸನೆ?"

ಅವಳು ತಲೆಯಾಡಿಸಿ ಬನ್ನು ತಿಂದಳು, ಪೂರ್ತಿ ತಿಂದಳು. ಆಮೇಲೆ ಹುರಿದ ಕಡಲೆಕಾಯಿ. ಅದೂ ಇಲ್ಲ. ಕೆಂಡದ ಮೇಲೆ ಸುಟ್ಟ ಜೋಳ. ಹಲ್ಲಿಗೆ ಕೆಲಸ ಸಿಕ್ಕಿತು, ಮೂಗಿಗೆ ಸಿಗಲಿಲ್ಲ. ಈ ಮಧ್ಯೆ ನಾನು ಗುಂಡಿಯ ರಾಶಿಯವನ ಹತ್ತಿರ ಅರ್ಧ ಗಂಟೆ ಜಗ್ಗಾಡಿ, ಐದು ಡಬ್ಬಿ ಗುಂಡಿಯನ್ನು ಮೂರರ ಬೆಲೆಗೆ ಎತ್ತಿದೆ. ಅವನು, "ಅಮ್ಮಾ, ನೀವು ಬಂದ್ರೆ ನಂಗೆ ಆ ರಾತ್ರಿ ಊಟ ಸೇರಲ್ಲ" ಎಂದ. "ನನ್ನ ಅಕ್ಕನಿಗೆ ಎರಡು ತಿಂಗಳಿಂದ ಸೇರಿಲ್ಲ, ನೀನೊಂದು ರಾತ್ರಿ ತಡ್ಕೋ" ಎಂದು ನಾನು ಅಂದದ್ದು ಅವನಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು, ಸಿಟ್ಟೂ ಬಂತು. ಮೂಗಿನ ಉಳಿದ ಕೆಲಸವೆಲ್ಲ ನಿಂತಿದ್ದರೂ ಕೋಪ ಮಾತ್ರ ಅದರ ತುದಿಯಲ್ಲಿ ಮೊದಲಿನ ಹಾಗೇ ಇತ್ತು.

ಸಂಜೆ ಎರಡು ಚೀಲ ಹೊತ್ತು ಮನೆಗೆ ಬರುವಾಗ ಅವಳು ಹೇಳಿದಳು: "ಆಸೆ ಮಾತ್ರ ಹೋಗಿಲ್ಲ ನೋಡು. ಜೋಳ ಕಂಡ ಕೂಡಲೇ ಬಾಯಲ್ಲಿ ನೀರು ಬರುತ್ತೆ. ಕಚ್ಚಿದ್ರೆ ಬರೀ ಹಿಟ್ಟು. ಮೂಗಿನ ಜೊತೆ ಆಸೇನೂ ಹೋಗಿದ್ರೆ ನೆಮ್ಮದಿಯಾಗಿ ಇರ್ತಿದ್ದೆ." ನಾನು ಚೀಲ ಭಾರವೆಂದು ನಟಿಸಿ ಕೈ ಬದಲಿಸಿದೆ.

ಭಾನುವಾರ ಅವಳು ಏಳುವುದಿಲ್ಲ ಎಂದಳು, ನಾನು ಹೊದಿಕೆ ಎಳೆದೆ. ಕಾಫಿ ಬೀಜ ಹುರಿಯುವ ಅಂಗಡಿಯ ಮುಂದೆ ಅವಳನ್ನು ಹತ್ತು ನಿಮಿಷ ನಿಲ್ಲಿಸಿದೆ. ಆ ಬೀದಿಯಲ್ಲಿ ನಡೆದರೆ ಬಟ್ಟೆಗೂ ಕಾಫಿಯ ಘಮ ಅಂಟುತ್ತದೆ. ಅಕ್ಕ ಕಲ್ಲಿನಂತೆ ನಿಂತಳು. "ಸಾಕು" ಎಂದಳು ಕೊನೆಗೆ. "ನಂಗೆ ಹಿಂಸೆ ಆಗ್ತಿದೆ. ನೀನು ವಾಸನೆ ಬಂತಾ ಬಂತಾ ಅಂತ ಮುಖ ನೋಡ್ತೀಯಲ್ಲ, ಅದು ಇನ್ನೂ ಹಿಂಸೆ. ಸೇತುವೆ ಕೆಳಗೆ ಹೋಗಿ ಮೀನು ತಿಂದು ಮನೆಗೆ ಹೋಗೋಣ. ರುಚಿ ಬರಲಿ ಬಿಡಲಿ, ಅಲ್ಲಿಗೆ ಮುಗೀತು."

ಸೇತುವೆ ಕೆಳಗಿನ ಕರಿದ ಮೀನೆಂದರೆ ಅವಳಿಗೆ ಪ್ರಾಣ. ಅದನ್ನು ನಾನು ಕೊನೆಗೆಂದೇ ಉಳಿಸಿಕೊಂಡಿದ್ದೆ. ಅದೂ ಸೋತರೆ ಎಂಬ ಭಯದಲ್ಲಿ, "ಒಂದೇ ಒಂದು ಬಟ್ಟೆ ನೋಡಿ ಹೋಗೋಣ" ಎಂದು ದಾರಿ ತಪ್ಪಿಸಿದೆ. ನಿಜ ಹೇಳಬೇಕೆಂದರೆ ನಾನು ಹೊತ್ತು ಕಳೆಯುತ್ತಿದ್ದೆ.

ಬಟ್ಟೆಯವನನ್ನು ನಾವೆಲ್ಲ ಕರೆಯುವುದು ಗುಡ್ಡೆ ಸಾಹುಕಾರ ಎಂದು. ಅವನ ಮಾಲು ಗುಡ್ಡೆಯಲ್ಲೇ ಇರುತ್ತದೆ, ಅವನೂ ಅದರ ಮೇಲೇ ಕೂತಿರುತ್ತಾನೆ. ಅವನ ಕಾಲ ಬಳಿ ಒಂದು ಬೂದುಬಣ್ಣದ ಸುರುಳಿ ಕಂಡೆ. ಬೆರಳಿನಲ್ಲಿ ಉಜ್ಜಿದೆ, ಮುಷ್ಟಿಯಲ್ಲಿ ಹಿಚುಕಿ ಬಿಟ್ಟೆ. ಸುಕ್ಕು ತಾನಾಗಿ ಬಿಚ್ಚಿಕೊಂಡಿತು. ಅಪ್ಪಟ ಉಣ್ಣೆ! ನಾಲ್ಕು ಕೋಟು ಹೊಲಿಯಲು ಸಾಕು, ಮೇಲಿನ ಚೀಟಿಯಲ್ಲಿದ್ದ ಬೆಲೆ ಮಾತ್ರ ಹತ್ತಿ ಬಟ್ಟೆಯದು. ಮುಖದಲ್ಲಿ ಏನೂ ತೋರಿಸದೆ, "ಏನಪ್ಪಾ, ಈ ಗೋಣಿತಾಟಿಗೆ ಎಷ್ಟು?" ಎಂದೆ.

"ಗೋಣಿನಾ? ಉಣ್ಣೆ ತಾಯೀ, ಶುದ್ಧ ಉಣ್ಣೆ. ಮುಟ್ಟಿದ್ರೆ ಗೊತ್ತಾಗಲ್ವಾ?"

ಗೊತ್ತಾಗಿತ್ತು. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು ನನ್ನದು. ಆದರೆ ದರ್ಜಿಯ ಶಾಸ್ತ್ರ ಒಂದಿದೆ. ಅಂಚಿನಿಂದ ಒಂದೆಳೆ ದಾರ ಎಳೆದು ಕಡ್ಡಿ ಗೀರಿ ಸುಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದದ್ದು, ನಕಲಿಯಾದರೆ ಪ್ಲಾಸ್ಟಿಕ್ಕಿನದು. ನಾನು ನಾಲ್ಕು ಹೆಜ್ಜೆ ಆಚೆ ಸರಿದು, ಗಾಳಿಗೆ ಬೆನ್ನು ಕೊಟ್ಟು, ದಾರಕ್ಕೆ ಬೆಂಕಿ ತಾಗಿಸಿದೆ. ಗಾಳಿ ಹೊಗೆಯನ್ನು ನನ್ನಿಂದಾಚೆಗೆ, ಎದುರಿಗೆ ನಿಂತಿದ್ದ ಅಕ್ಕನ ಕಡೆಗೆ ತಳ್ಳಿತು.

"ಥೂ" ಎಂದಳು ಅಕ್ಕ. "ಇದು ಉಣ್ಣೆ ಅಲ್ಲ. ಬಕೆಟ್ ಕರಗಿದ ಹಾಗಿದೆ."

"ನಿನಗೇನು ಗೊತ್ತು, ಸುಮ್ನಿರು" ಎಂದೆ. ವ್ಯಾಪಾರದ ಮಧ್ಯೆ ಬಾಯಿ ಹಾಕಿದರೆ ನನಗೆ ಮೈಯೆಲ್ಲ ಉರಿ. "ಇಪ್ಪತ್ತು ವರ್ಷದಿಂದ..."

ಕೈಯಲ್ಲಿದ್ದ ದಾರವನ್ನು ಮೂಗಿನ ಹತ್ತಿರ ತಂದೆ. ಪ್ಲಾಸ್ಟಿಕ್! ತುದಿಯಲ್ಲಿ ಗಟ್ಟಿಯಾದ ಕರಿ ಮಣಿ ಕೂತಿತ್ತು. ನನ್ನ ಬೆರಳು ಮೋಸಹೋಗಿತ್ತು. ತಲೆ ಎತ್ತಿ ನೋಡಿದರೆ ಅಕ್ಕ ಮೂಗಿಗೆ ಅಂಗೈ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅಂಗೈ ತೆಗೆದಳು. ಮತ್ತೆ ಮುಚ್ಚಿದಳು.

"ಊಹೆ ಮಾಡಿ ಹೇಳಿದ್ಯಾ?" ಎಂದೆ.

"ಇಲ್ಲ... ಗೊತ್ತಿಲ್ಲ. ಇನ್ನೊಂದ್ಸಲ ಮಾಡು."

"ತಿರುಗಿ ನಿಂತ್ಕೋ."

ಅವಳು ಗೋಡೆಗೆ ಮುಖ ಮಾಡಿದಳು. ನಾನು ತೊಟ್ಟಿದ್ದ ಹಳೇ ಸ್ವೆಟರಿನ ಅಂಚಿನಿಂದ ಒಂದೆಳೆ ಕಿತ್ತೆ, ಅದು ನಾನೇ ಹೆಣೆದ ನಿಜವಾದ ಉಣ್ಣೆ. ಗಾಳಿಗೆ ಕಡ್ಡಿ ಎರಡು ಸಲ ಆರಿತು. ಮೂರನೆಯದಕ್ಕೆ ಎಳೆ ಹೊತ್ತಿಕೊಂಡಿತು.

"ಕೂದಲು" ಎಂದಳು ಗೋಡೆಯ ಕಡೆಯಿಂದಲೇ. "ಕೂದಲು ಸುಟ್ಟ ಹಾಗೆ. ತುಂಬಾ ದೂರದಿಂದ ಬಂದ ಹಾಗಿದೆ, ಆದ್ರೆ ಅದೇ."

ಮೂರನೆಯದಾಗಿ ಕರವಸ್ತ್ರದ ಹತ್ತಿ ದಾರ ಸುಟ್ಟೆ. ಅವಳು ಬಹಳ ಹೊತ್ತು ಉಸಿರೆಳೆದಳು. "ಏನೋ ಸುಡ್ತಿದೆ. ಏನು ಅಂತ ಗೊತ್ತಾಗ್ತಿಲ್ಲ."

"ಏನು ಅನ್ನೋದು ಬೇಡ ಅಕ್ಕಾ" ಎಂದೆ. "ಸುಡ್ತಿದೆ ಅಂತ ಗೊತ್ತಾಯ್ತಲ್ಲ!"

ಅವಳು ತಿರುಗಿದಳು. ಕಣ್ಣು ತುಂಬಿತ್ತು. ಹೊಗೆಗೆ ಎಂದಳು. ಒಂದೆಳೆ ದಾರದಲ್ಲಿ ಎಷ್ಟು ಹೊಗೆ ಇರುತ್ತದೆ? ನಾನು ವಾದಿಸಲಿಲ್ಲ, ನನ್ನ ಕಣ್ಣಿಗೂ ಅದೇ ಹೊಗೆ ಬೇಕಾಗಿತ್ತು.

ಇಷ್ಟರಲ್ಲಿ ಗುಡ್ಡೆ ಸಾಹುಕಾರ ಗುಡ್ಡೆಯಿಂದ ಇಳಿದು ಬಂದಿದ್ದ. ನಾಲ್ಕು ಗಿರಾಕಿಗಳು ಕಿವಿ ನೆಟ್ಟಗೆ ಮಾಡಿದ್ದನ್ನು ಅವನು ಕಂಡಿದ್ದ. "ತಾಯೀ, ಮೆಲ್ಲಗೆ. ನಂಗೂ ಉಣ್ಣೆ ಅಂತಾನೇ ಹೇಳಿ ಕೊಟ್ಟಿದ್ದು. ಕಾಲು ಬೆಲೆಗೆ ತಗೊಂಡು ಹೋಗಿ."

ಅಂಥ ಮಾತು ಕೇಳಲು ನಾನು ವರ್ಷವಿಡೀ ಕಾದಿರುತ್ತೇನೆ. ಬೇರೆ ದಿನವಾಗಿದ್ದರೆ ಆ ಕಾಲನ್ನೂ ಅರ್ಧ ಮಾಡಿ, ಮೇಲೊಂದು ತುಂಡು ಕೊಸರು ಕೇಳುತ್ತಿದ್ದೆ. ಆ ದಿನ ಚೌಕಾಸಿ ಮಾಡುವುದೇ ಮರೆತುಹೋಯಿತು. "ಅಗ್ಗ ಅಂತ ಮುಗ್ಗಲು ಜೋಳ ತಗೊಳ್ಳೋಕೆ ನಾನೇನು ಹೊಸಬಳಾ? ನೀನೇ ಇಟ್ಕೋ, ನಿನಗೆ ಒಳ್ಳೇದಾಗಲಿ" ಎಂದು ಹೊರಟೆ. ನಕಲಿ ಮಾಲಿಗೆ ಹರಸಿದ ಗಿರಾಕಿಯನ್ನು ಅವನು ಅದೇ ಮೊದಲು ಕಂಡಿರಬೇಕು, ಬಾಯಿ ತೆರೆದು ನಿಂತಿದ್ದ.

ಸೇತುವೆಯ ಕೆಳಗೆ ಮೀನಿನವನು ಬೆನ್ನು ತಿರುಗಿಸಿ ಮೀನಿನ ಮುಳ್ಳು ತೆಗೆಯುತ್ತಿದ್ದ. ಅವನ ಹೆಂಡತಿ ಎರಡು ತುಂಡು ಕರಿದು ಕಾಗದದಲ್ಲಿ ಸುತ್ತಿ ಕೊಟ್ಟು, ನಿಂಬೆಹಣ್ಣು ತರಲು ಪಕ್ಕದ ಅಂಗಡಿಗೆ ಹೋದಳು. ಹೋಗುವ ಮೊದಲು ಅವಳು ಕೇಳಿದಷ್ಟೇ ಹಣ ಕೊಟ್ಟಿದ್ದೆ. ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು, ನನಗೇ ಜ್ವರವೋ ಎಂದು.

ಅವಳು ಕಚ್ಚಿದಳು. ನಾನು ಈ ಸಲ ಅವಳ ಮುಖ ನೋಡಲಿಲ್ಲ, ಹೊಳೆ ನೋಡಿದೆ.

"ಉಪ್ಪಿದೆ" ಎಂದಳು. "ಗರಿಗರಿ ಇದೆ. ಮೀನು ಇನ್ನೂ ಬಂದಿಲ್ಲ."

"ಬರುತ್ತೆ."

"ಬರದಿದ್ರೆ?"

"ಮುಂದಿನ ವಾರವೂ ಭಾನುವಾರ ಇದೆ. ಅದರ ಮುಂದಿನ ವಾರವೂ ಇದೆ. ಮೀನು ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ."

ಎಣ್ಣೆ ತೆಳು ಕಾಗದವನ್ನು ದಾಟಿ ಅವಳ ಬೆರಳು ಸುಡತೊಡಗಿತು. ಒಂದು ಕೈಯಿಂದ ಇನ್ನೊಂದಕ್ಕೆ ಮೀನು ಹಾರಿಸುತ್ತಾ, ನಾನು ಶುಕ್ರವಾರ ಹಾಕಿಕೊಟ್ಟ ಹೊಸ ಜಿಪ್ಪನ್ನು ಹಲ್ಲಿನಿಂದ ಎಳೆದು, ಚೀಲದೊಳಗಿಂದ ಆ ನಾಲ್ಕು ಸಾಲಿನ ಕಾಗದ ತೆಗೆದಳು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ನಾಲ್ಕಾಗಿ ಮಡಿಸಿ ಮೀನಿನ ಕೆಳಗೆ ಹಿಡಿದಳು. 'ಆರೋಗ್ಯದ ಕಾರಣ' ಎಂಬಲ್ಲಿಗೆ ಮೊದಲು ಎಣ್ಣೆ ಹತ್ತಿತು.

ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ಅವಳ ತಲೆ ನೆಟ್ಟಗಾಗಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು.

"ಅಣ್ಣಾ" ಎಂದು ಕೂಗಿದಳು ಮೀನಿನವನ ಬೆನ್ನಿಗೆ. "ನಿಮ್ಮ ಬಾಣಲೆ ಎಣ್ಣೆ ಸುಡ್ತಿದೆ. ಒಲೆ ಸಣ್ಣ ಮಾಡಿ."

ಅವನು ತಿರುಗಿ ನೋಡಿ ಗಾಬರಿಯಿಂದ ಒಲೆ ಸಣ್ಣ ಮಾಡಿದ.