ನಿಮ್ಮಲ್ಲೇ ಇರಲಿ

ಓಡುವ ಬಸ್ಸಿನಲ್ಲಿ ಸೀಟಿಗಾಗಲಿ ಕಂಬಿಗಾಗಲಿ ಕೈ ಆನಿಸದೆ, ತುಂಬಿದ ನೀರಿನ ಲೋಟ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಮುಂದಿನಿಂದ ಹಿಂದಿನವರೆಗೆ ನಡೆದುಹೋಗಬಲ್ಲವರನ್ನು ನನ್ನ ಆಯುಷ್ಯದಲ್ಲಿ ನಾನು ಕಂಡದ್ದು ಒಬ್ಬರನ್ನೇ, ಡ್ಯಾನ್ಯೂಬ್ ದಡದ ನಮ್ಮೂರು ಕೊರಾಬಿಯಾದ ಸಫ್ತಕ್ಕನನ್ನು. ಪಾದಗಳನ್ನು ತುಸು ಓರೆಯಾಗಿಟ್ಟು, ಮೊಣಕಾಲನ್ನು ಸಡಿಲ ಬಿಟ್ಟು, ರಸ್ತೆಯ ಹಳ್ಳ ಬರುವ ಮುಂಚೆಯೇ ಅದರ ಸುಳಿವು ಸಿಕ್ಕವರ ಹಾಗೆ ಆಕೆ ತೂಗುತ್ತ ನಡೆಯುವಾಗ, ನಡು ಹಿಡಿದುಕೊಂಡು ಕೂತ ನಮ್ಮಂಥ ಮುದುಕರಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು. ಈ ನಡಿಗೆಯನ್ನು ಆಕೆ ಕಲಿತದ್ದು ನೆಲದ ಮೇಲಲ್ಲ. ಮದುವೆಯಾದ ಹೊಸದರಲ್ಲಿ ಬೇಸಿಗೆಯೆಲ್ಲ ಗಂಡನ ಜೊತೆಯಲ್ಲಿ ಡ್ಯಾನ್ಯೂಬ್ ನದಿಯ ಸರಕುದೋಣಿಯ ಮೇಲೆಯೇ ಸಂಸಾರ ಮಾಡಿದವಳು. ಹಲಗೆ ಅಲುಗುತ್ತಿದ್ದರೇನೇ ತನ್ನ ಕಾಲು ಸರಿಯಾಗಿ ಊರುತ್ತದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

ಜೂನ್ ತಿಂಗಳ ಧಗೆಯಲ್ಲೂ ಆಕೆಯ ಮೈಮೇಲೆ ಒಂದು ಗಂಡಸಿನ ಕೋಟು ಇರುತ್ತಿತ್ತು. ಕಡುನೀಲಿ ಉಣ್ಣೆಯ, ದೋಣಿಯವರು ತೊಡುವ ಕೋಟು. ತೋಳು ಮಡಚಿ ಮಡಚಿ ಮೊಣಕೈಗೆ ಏರಿಸಿದ್ದು, ಅಂಚು ಮೊಣಕಾಲನ್ನು ದಾಟಿದ್ದು. ಅದರ ಜೇಬುಗಳಲ್ಲಿ ಪಿನ್ನು, ಸೂಜಿದಾರ, ಪೆಪ್ಪರಮಿಂಟು, ಕಾಗದದಲ್ಲಿ ಕಟ್ಟಿದ ಉಪ್ಪು, ಮಡಿಸಿದ ಹಳೆ ಬಟ್ಟೆ, ಅಂಚು ಚಕ್ಕೆಯೆದ್ದ ಒಂದು ಬಿಳಿ ಎನಾಮಲ್ ಲೋಟ, ಇನ್ನೂ ಏನೇನೋ ಇರುತ್ತಿದ್ದವು. ಯಾರಿಗೆ ಏನು ಬೇಕೆಂಬುದು ಅವರಿಗೆ ಹೊಳೆಯುವ ಮುಂಚೆಯೇ ಸಫ್ತಕ್ಕನ ಕೈ ಜೇಬಿಗಿಳಿದಿರುತ್ತಿತ್ತು. ಇಷ್ಟು ಸೆಕೆಯಲ್ಲಿ ಆ ಕೋಟೇಕೆ ಎಂದು ಕೇಳಿದವರಿಗೆ, ಪೆಟ್ಟಿಗೆಯಲ್ಲಿಟ್ಟರೆ ಹುಳ ಹಿಡಿಯುತ್ತದೆ, ನಾಳೆ ಬಂದವರು ಏನು ತೊಡಬೇಕು ಎಂದು ಉತ್ತರ ಬರುತ್ತಿತ್ತು. ಬರಬೇಕಾದವನು ಆಕೆಯ ಗಂಡ ಇಲಾರಿಯೆ. ಒಂದು ನವೆಂಬರಿನ ಮಂಜಿನಲ್ಲಿ, ದೋಣಿ ನಮ್ಮೂರಿನ ಕೆಳಗಿನ ದ್ವೀಪವನ್ನು ಬಳಸಿ ಹೋಗುತ್ತಿದ್ದಾಗ, ಸಾರು ಬಡಿಸಿ ಕರೆದರೆ ಇಲಾರಿಯೆ ದೋಣಿಯಲ್ಲಿ ಇರಲಿಲ್ಲ. ನಮ್ಮ ದಡದಲ್ಲಿ ಹುಡುಕಿದರು, ಬಲ್ಗೇರಿಯಾದವರು ಅವರ ದಡದಲ್ಲಿ ಹುಡುಕಿದರು. ಹೊಳೆ ಅವನ ಟೋಪಿಯನ್ನೂ ಹಿಂದಕ್ಕೆ ಕೊಡಲಿಲ್ಲ.

ಊರಿನಲ್ಲಿ ಇದಕ್ಕೆ ಎರಡು ಕತೆಗಳಿದ್ದವು. ಮುಳುಗಿ ಸತ್ತ ಎಂಬುದು ಒಂದು. ಎದುರು ದಡದಲ್ಲಿ ಅವನಿಗೊಬ್ಬಳಿದ್ದಳು, ಮಂಜನ್ನು ಮರೆ ಮಾಡಿಕೊಂಡು ಈಜಿ ಹೋಗಿ ಸೇರಿಕೊಂಡ ಎಂಬುದು ಇನ್ನೊಂದು. ಎರಡನೆಯದನ್ನು ಮನೆಮನೆಗೆ ಮುಟ್ಟಿಸಿದವಳು ಬೇಕರಿಯ ಸ್ತಾಂಕಾ, ನಾಲಿಗೆಗೆ ಮೂಳೆಯಿಲ್ಲದ ಹೆಂಗಸು. ಇದು ಸಫ್ತಕ್ಕನ ಕಿವಿಗೆ ಬೀಳದೆ ಇರಲಿಲ್ಲ. ಆದರೂ ಯಾತ್ರೆಯ ಬಸ್ಸಿನಲ್ಲಿ ಸ್ತಾಂಕಾಳಿಗೆ ತಿರುವುಗಳಲ್ಲಿ ವಾಂತಿಯಾಗುತ್ತದೆಂದು ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದವಳು ಸಫ್ತಕ್ಕನೇ. ಹಣೆ ಹಿಡಿದು ಬಾಯಿ ಒರೆಸುತ್ತಿದ್ದವಳೂ ಆಕೆಯೇ.

ನಮ್ಮ ಚರ್ಚಿನ ಯಾತ್ರೆ ಹೊರಡುತ್ತಿದ್ದದ್ದು ಪೆಂತೆಕೋಸ್ತೆ ಹಬ್ಬದ ಮುಂಚಿನ ಶನಿವಾರ, ಸತ್ತವರ ಶನಿವಾರ. ಬೆಳಿಗ್ಗೆ ಬಸ್ಸು ಹತ್ತಿ, ಬೆಟ್ಟದ ಮಠದಲ್ಲಿ ಪೂಜೆ ಮುಗಿಸಿ, ಅಲ್ಲಿಯ ಒರತೆಯ ಹತ್ತಿರ ಊಟ ಮಾಡಿ, ಸಂಜೆಯೊಳಗೆ ಹಿಂದಿರುಗುವುದು ವಾಡಿಕೆ. ಆ ದಿನ ಪ್ರತಿಯೊಬ್ಬರೂ ಹೊಸ ಮಣ್ಣಿನ ಲೋಟ ತಂದು, ಹಿಡಿಗೆ ಚೆರ್ರಿಹಣ್ಣಿನ ಗೊಂಚಲು ಕಟ್ಟಿ, ನೀರು ತುಂಬಿ, ತಮ್ಮ ತಮ್ಮ ತೀರಿಹೋದವರ ಹೆಸರು ಹೇಳಿ ಪಕ್ಕದವರಿಗೆ ಕೊಡುತ್ತಾರೆ. ಈಸಿಕೊಂಡವರು ಉಪಕಾರ ಆಯ್ತು ಎನ್ನುವಂತಿಲ್ಲ. ಹಾಗೆಂದರೆ ಕೊಟ್ಟದ್ದು ಈಸಿಕೊಂಡವರಲ್ಲೇ ನಿಂತುಹೋಗುತ್ತದೆ. 'ಬೊಗ್ದಾಪ್ರೊಸ್ತೆ' ಎನ್ನಬೇಕು, ದೇವರು ಅವರನ್ನು ಕ್ಷಮಿಸಲಿ ಎಂದು. ಆ ಒಂದು ಮಾತಿನ ಬಲದಿಂದ ನೀರು ಈ ಬಾಯಿಂದ ಆ ಬಾಯಿಗೆ, ಆಚೆ ಲೋಕದಲ್ಲಿ ಒಣಗಿ ಕೂತವರ ಬಾಯಿಗೆ, ಹೋಗಿ ಮುಟ್ಟುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನಾನು ಇದನ್ನು ನಂಬುತ್ತೇನೋ ಇಲ್ಲವೋ ಹೇಳಲಾರೆ. ನನ್ನ ತಾಯಿಯ ಹೆಸರಿನ ಲೋಟ ಕೊಡುವಾಗ ಎದುರಿನವರ ತುಟಿಯನ್ನೇ ನೋಡುತ್ತಿರುತ್ತೇನೆ, ಅಷ್ಟು ಮಾತ್ರ ನಿಜ.

ಎಲ್ಲರಿಗೂ ತಮ್ಮ ಲೋಟವನ್ನು ಸಫ್ತಕ್ಕನಿಗೇ ಕೊಡುವ ಆಸೆ. ಆಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಯಾರ ಹೆಸರಿನದೆಂದು ಕೇಳಿ, ಹೆಸರನ್ನು ಮೆಲ್ಲನೆ ಒಮ್ಮೆ ಉಚ್ಚರಿಸಿ, ಆ ಮಾತು ಹೇಳಿ, ನೀರನ್ನು ಕೊನೆಯ ಗುಟುಕಿನವರೆಗೂ ಕುಡಿಯುತ್ತಿದ್ದಳು. ಆದರೆ ತಾನು ಕೊಡುವಾಗ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಆಕೆ ಮಣ್ಣಿನ ಲೋಟವನ್ನೇ ಕೊಂಡವಳಲ್ಲ. ಕೊಡುತ್ತಿದ್ದದ್ದು ಪಿನ್ನು, ಪೆಪ್ಪರಮಿಂಟು, ಬೆನ್ನಿಗೆ ದಿಂಬು, ಎನಾಮಲ್ ಲೋಟದಲ್ಲಿ ಬರಿಯ ನೀರು, ಬದುಕಿರುವವರಿಗೆ ಬೇಕಾದದ್ದು. ನಾವೂ ಎಚ್ಚರದಿಂದ, ಆ ದಿನದ ಮಟ್ಟಿಗಂತೂ ಒಂದೊಂದು ಅಕ್ಷರವನ್ನೂ ತೂಗಿ, ಉಪಕಾರ ಆಯ್ತು ಸಫ್ತಕ್ಕ ಎನ್ನುತ್ತಿದ್ದೆವು. ಅದಕ್ಕೆ ಆಕೆಯ ಉತ್ತರ ಯಾವತ್ತೂ ಒಂದೇ:

"ನಿಮ್ಮಲ್ಲೇ ಇರ್ಲಿ."

ಮಠದ ಚರ್ಚಿನಲ್ಲಿ ಮೊಂಬತ್ತಿ ಹಚ್ಚಲು ಮರಳು ತುಂಬಿದ ಎರಡು ತಟ್ಟೆಗಳಿವೆ, ಒಂದು ಬದುಕಿರುವವರಿಗೆ, ಇನ್ನೊಂದು ಸತ್ತವರಿಗೆ. ಇಲಾರಿಯೆಯ ಬತ್ತಿಯನ್ನು ಸಫ್ತಕ್ಕ ಬದುಕಿರುವವರ ತಟ್ಟೆಯಲ್ಲೇ ಊರುತ್ತಿದ್ದಳು. ಪಾದ್ರಿ ನಿಸ್ತೋರ್ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಆಕೆಯ ಸಂಕಟವನ್ನು ಬಾಯಿಬಿಟ್ಟು ಆಡಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ: ಅವನ ಹೆಸರಿನಲ್ಲಿ ಕೊಟ್ಟಳೋ, ತನ್ನ ಕೈಯಾರೆ ಗಂಡನನ್ನು ಸಾಯಿಸಿದ ಹಾಗೆ; ಕೊಡಲಿಲ್ಲವೋ, ಅವನು ಸತ್ತೇ ಇದ್ದ ಪಕ್ಷದಲ್ಲಿ, ಇಷ್ಟು ವರ್ಷವೂ ಅವನಿಗೆ ಆ ಲೋಕದಲ್ಲಿ ಒಂದು ಗುಟುಕು ನೀರಿಲ್ಲ. ಒಂದು ವರ್ಷ ಯಾತ್ರೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಾಗ ಕಿಟಕಿಯಾಚೆ ಹೊಳೆ ಕಾಣುತ್ತಿತ್ತು. ಆಕೆ ಅದನ್ನು ನೋಡುತ್ತಲೇ, "ಹೊಳೇಲಿ ಹೋದೋರಿಗೂ ಬಾಯಾರಿಕೆ ಆಗುತ್ತಾ ಮೇಷ್ಟ್ರೇ?" ಎಂದು ಕೇಳಿದಳು. ಈ ವರ್ಷ ಸೂರ್ಯಕಾಂತಿ ಚೆನ್ನಾಗಿ ಬಂದಿದೆ ಎಂದೆ ನಾನು. ಆಕೆ ಹೌದು ಹೌದು ಎಂದು ನನ್ನ ಮಾತಿಗೆ ಮರ್ಯಾದೆ ಕೊಟ್ಟಳು.

ಮರುವರ್ಷದ ಯಾತ್ರೆಯಲ್ಲಿ ಆದದ್ದು ಇದು. ಪಂಪುಹೌಸಿನಿಂದ ನಿವೃತ್ತನಾದ ಆಂಗೆಲ್ ಎಂಬ ಮುದುಕ, ಯಂತ್ರಗಳ ಗದ್ದಲದಲ್ಲಿ ಕಿವಿ ಕಳಕೊಂಡವನು, ಮೊದಲ ಬಾರಿಗೆ ನಮ್ಮ ಜೊತೆ ಬಂದಿದ್ದ. ಬೆಳಗಿನಿಂದ ಅವನ ಕೈಗೆ ಒಂದಾದ ಮೇಲೊಂದು ಲೋಟ ಬಂದಿತ್ತು, ಪ್ರತಿಯೊಂದಕ್ಕೂ ಅವನು ನಿಯಮ ತಪ್ಪದೆ ಆ ಮಾತು ಹೇಳಿದ್ದ. ಬೆಟ್ಟದ ತಿರುವು ಶುರುವಾಗುವ ಹೊತ್ತಿಗೆ ತೂಕಡಿಸುತ್ತಿದ್ದವನು ಎದ್ದು, ರಕ್ತದೊತ್ತಡದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರಿಗೆ ತಡಕಾಡಿದ. ಸಫ್ತಕ್ಕ ಎದ್ದು, ಆ ತೂಗುನಡಿಗೆಯಲ್ಲಿ ಹೋಗಿ, ಎನಾಮಲ್ ಲೋಟ ಕೊಟ್ಟಳು. ಅವನು ಗಟಗಟನೆ ಕುಡಿದ. ಕುಡಿದು, ಕಿವುಡರ ಎತ್ತರದ ದನಿಯಲ್ಲಿ ಹೇಳಿಬಿಟ್ಟ:

"ಬೊಗ್ದಾಪ್ರೊಸ್ತೆ! ಯಾರ ಹೆಸರಿಂದಮ್ಮ ಇದು?"

ಡ್ರೈವರು ರೇಡಿಯೋ ಆರಿಸಿದ. ಸಫ್ತಕ್ಕ ಖಾಲಿ ಲೋಟವನ್ನು ತೆಗೆದುಕೊಂಡು ಹಿಂದಿರುಗಿದಳು. ಹಿಂದಿರುಗುವಾಗ, ನಾನು ಕಂಡ ಹಾಗೆ ಮೊಟ್ಟಮೊದಲ ಬಾರಿಗೆ, ಒಂದೊಂದು ಸೀಟಿನ ಬೆನ್ನನ್ನೂ ಹಿಡಿದುಕೊಂಡು ನಡೆದಳು.

ಮಠದ ಅಂಗಳದಲ್ಲಿ ಇಳಿದ ಮೇಲೆ ನಡೆದದ್ದನ್ನು ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಮೊದಲು ಹೋದವಳು ಸ್ತಾಂಕಾ. ತಲೆವಸ್ತ್ರ ಜಾರುತ್ತಿದೆ, ಒಂದು ಪಿನ್ನಿದ್ದರೆ ಕೊಡೆಂದು ಕೇಳಿ, ಈಸಿಕೊಂಡು, ಇಡೀ ಅಂಗಳಕ್ಕೆ ಕೇಳುವ ಹಾಗೆ ಉಪಕಾರ ಆಯ್ತು ಸಫ್ತಕ್ಕ, ಉಪಕಾರ ಆಯ್ತು ಎಂದಳು. ಅವಳ ತಲೆವಸ್ತ್ರದಲ್ಲಿ ಆಗಲೇ ಎರಡು ಪಿನ್ನುಗಳಿದ್ದವು. ಆಮೇಲೆ ಡ್ರೈವರು ಬಂದು ಬೆಂಕಿಪೊಟ್ಟಣ ಕೇಳಿದ, ಅವನು ಸಿಗರೇಟು ಬಿಟ್ಟು ಎಷ್ಟೋ ಕಾಲವಾಗಿತ್ತು. ಪಾದ್ರಿಗಳ ಹೆಂಡತಿ ಮೊಟ್ಟೆಗೆ ಉಪ್ಪು ಕೇಳಿದರು. ನಾನು ಅಂಗಿಯ ಗಟ್ಟಿಮುಟ್ಟಾದ ಒಂದು ಗುಂಡಿಯನ್ನು ಮರದ ಮರೆಯಲ್ಲಿ ಕಿತ್ತು, ಹಿಡಿದುಕೊಂಡು ಹೋಗಿ ಸೂಜಿದಾರ ಬೇಡಿದೆ. ಆಕೆ ತಾನೇ ಹೊಲಿದುಕೊಟ್ಟು, ಹಲ್ಲಿನಿಂದ ದಾರ ಕಡಿದಳು. ಉಪಕಾರವಾಯಿತು ಎಂದು ನಾನು ಎರಡು ಸಲ ಹೇಳಿದೆ. ಜಾರಿಹೋದ ಒಂದು ಮಾತನ್ನು ನಾವೆಲ್ಲ ಸೇರಿ ಇನ್ನೊಂದು ಮಾತಿನಿಂದ ಒರೆಸಿಹಾಕಲು ಹೊರಟಿದ್ದೆವು. ಕಿತ್ತ ದಾರದ ಎಳೆ ಗುಂಡಿಯಲ್ಲೇ ನೇತಾಡುತ್ತಿತ್ತಲ್ಲ, ಆಕೆಗೆ ತಿಳಿಯದೆ ಇರುತ್ತದೆಯೇ? ತಿಳಿದೂ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಆದರೆ ನಿಮ್ಮಲ್ಲೇ ಇರಲಿ ಎಂಬ ಉತ್ತರ ಮಾತ್ರ ಆ ದಿನ ಯಾರಿಗೂ ಬರಲಿಲ್ಲ.

ಚರ್ಚಿನೊಳಗೆ ಆಕೆ ಎರಡು ತಟ್ಟೆಗಳ ನಡುವೆ ಹಚ್ಚದ ಬತ್ತಿ ಹಿಡಿದು ನಿಂತಿದ್ದನ್ನು ಕಂಡೆ. ಎಷ್ಟೋ ಹೊತ್ತು ನಿಂತು, ಬತ್ತಿಯನ್ನು ಹಾಗೆಯೇ ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಬಂದು, ಒರತೆಯ ಕಟ್ಟೆಯ ಮೇಲೆ ಕೂತಳು.

ಅಷ್ಟರಲ್ಲಿ ಯಾರೋ ಆಂಗೆಲ್‌ನ ಕಿವಿಯಲ್ಲಿ ಕೂಗಿ ವಿಷಯ ತಿಳಿಸಿದ್ದರು. ಪಾಪ, ಮುದುಕನ ಮುಖ ಕಪ್ಪಿಟ್ಟುಹೋಗಿತ್ತು. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರದೋ ಮಣ್ಣಿನ ಲೋಟದಲ್ಲಿ ಒರತೆಯ ನೀರು ತುಂಬಿ, ತೋಳಿನ ಮೇಲೆ ಅರ್ಧ ಚೆಲ್ಲಿಕೊಂಡು ಆಕೆಯ ಮುಂದೆ ಬಂದು ನಿಂತ.

"ನಂಗೊತ್ತಿರ್ಲಿಲ್ಲ ಕಣಮ್ಮ. ನಿನ್ನ ನೀರು ನಿಂಗೇ ವಾಪಸ್ ತಗೋ. ನಾನಾಡಿದ ಮಾತೂ ವಾಪಸ್."

ಸಫ್ತಕ್ಕ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ನಾನು ಕೊಟ್ಟಾಗ ನೀರು ತಣ್ಣಗಿತ್ತಾ?"

"ತಣ್ಣಗಿತ್ತಮ್ಮ."

"ಪೂರ್ತಿ ಕುಡಿದ್ರಾ?"

"ಒಂದ್ ತೊಟ್ಟೂ ಬಿಡ್ಲಿಲ್ಲ."

"ಹಂಗಾದ್ರೆ ವಾಪಸ್ ಬೇಡ," ಎಂದಳು ಸಫ್ತಕ್ಕ. "ಅವ್ರಿಗೆ ಮೊದಲಿಂದ್ಲೂ ದಾಹ ಜಾಸ್ತಿ."

ಅಷ್ಟು ಹೇಳಿ, ಮುದುಕನ ಕೈಯ ಲೋಟವನ್ನು ಕಟ್ಟೆಯ ಮೇಲಿಟ್ಟು, ಅವನ ಒದ್ದೆ ತೋಳನ್ನು ಜೇಬಿನ ಬಟ್ಟೆಯಿಂದ ಒರೆಸಿ, ಎದ್ದು ಮತ್ತೆ ಚರ್ಚಿನೊಳಕ್ಕೆ ಹೋದಳು. ಈ ಸಲ ನಾನು ಹಿಂದೆ ಹೋಗಲಿಲ್ಲ.

ಸಂಜೆ ಬಸ್ಸು ಬೆಟ್ಟ ಇಳಿಯುವಾಗ ಸಫ್ತಕ್ಕ ಎದ್ದು ನಿಂತಳು. ಒರತೆಯ ನೀರನ್ನು ದೊಡ್ಡ ಬಾಟಲಿಯಲ್ಲಿ ತುಂಬಿಕೊಂಡಿದ್ದಳು. ಕೋಟು ಬಿಚ್ಚಿ ಸೀಟಿನ ಮೇಲೆ ಮಡಿಸಿಟ್ಟಿದ್ದಳು. ಅದಿಲ್ಲದೆ ಆಕೆ ಎಷ್ಟು ಸಣ್ಣ ಹೆಂಗಸೆಂಬುದು ನಮಗೆ ಆಗ ಕಂಡಿತು. ಎನಾಮಲ್ ಲೋಟ ತುಂಬಿ, ಕೈ ಎಲ್ಲಿಯೂ ಆನಿಸದೆ, ಒಂದು ಹನಿಯೂ ಚೆಲ್ಲದೆ, ಮೊದಲು ಸ್ತಾಂಕಾಳ ಹತ್ತಿರ ಹೋಗಿ, "ಇಲಾರಿಯೆ ಹೆಸರಿಗೆ" ಎಂದಳು. ಸ್ತಾಂಕಾ ಕುಡಿದು, ಆ ಮಾತು ಹೇಳಿ, ತಲೆವಸ್ತ್ರದ ತುದಿಯನ್ನು ಕಣ್ಣಿಗೊತ್ತಿಕೊಂಡಳು. ಹೀಗೆ ಒಬ್ಬೊಬ್ಬರಿಗೂ ತುಂಬಿ ಕೊಡುತ್ತ ನನ್ನವರೆಗೆ ಬಂದಳು. ನಾನು ಕುಡಿದೆ. ಅಷ್ಟು ವರ್ಷ ಆಕೆಗೆ ಒಂದೇ ಮಾತು ಹೇಳಿ ಪಳಗಿದ ನಾಲಿಗೆ ತಾನಾಗಿ, "ಉಪಕಾರವಾಯಿತು ಸಫ್ತಕ್ಕ" ಎಂದುಬಿಟ್ಟಿತು.

ಆಕೆ ಲೋಟ ವಾಪಸು ತೆಗೆದುಕೊಳ್ಳಲಿಲ್ಲ. ಬಸ್ಸು ತಿರುವಿನಲ್ಲಿ ವಾಲುತ್ತಿದ್ದರೂ ಅಲುಗದೆ ಕಾದು ನಿಂತಳು.

"ನಿಮ್ಮಲ್ಲೇ ಇದ್ರೆ ಆಗಲ್ಲ ಮೇಷ್ಟ್ರೇ. ಅವ್ರಿಗೆ ಮುಟ್ಬೇಕು."

ಸಫ್ತಕ್ಕನಂಥವರು ಯಾವ ಊರಿನ ಯಾವ ಬಸ್ಸಿನಲ್ಲಾದರೂ ಒಬ್ಬರಿರುತ್ತಾರೆ. ಅವರ ಜೇಬಿನಿಂದ ಬಂದದ್ದನ್ನು ಒಳ್ಳೆಯತನವೆಂದು ಕರೆದು, ಉಪಕಾರವಾಯಿತೆಂದು ಮುಗಿಸಿ, ನಾವು ಕಿಟಕಿಯಾಚೆ ನೋಡುತ್ತೇವೆ. ಒಬ್ಬರಿಗೆ ಕೊಡಲಾಗದೆ ಉಳಿದದ್ದನ್ನು ಅವರು ದಾರಿಯುದ್ದಕ್ಕೂ ಕಂಡಕಂಡವರಿಗೆ ಹಂಚುತ್ತ ಬಂದಿರುತ್ತಾರೆಂಬುದು ನಮಗೆ ಹೊಳೆಯುವುದೇ ಇಲ್ಲ. ಇಂಥವರಿಗೆ ನಾವು ಹಿಂದಕ್ಕೆ ಕೊಡಬಹುದಾದದ್ದು ಬಹಳ ಕಡಿಮೆ: ಅವರು ಚಾಚಿದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು, ಪೂರ್ತಿ ಕುಡಿಯುವುದು, ಅವರು ಹೇಳಿಸಿಕೊಳ್ಳಬೇಕೆಂದಿರುವ ಮಾತನ್ನು, ಅದು ಎಷ್ಟೇ ಭಾರವಾಗಿರಲಿ, ಅವರಿಗೆ ಕೇಳುವ ಹಾಗೆ ಹೇಳುವುದು. ನಾನು ಲೋಟವನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡು, ಇಲಾರಿಯೆಯ ಹೆಸರು ಹೇಳಿ, ಆ ಮಾತು ಹೇಳಿದೆ.